ಸಮುದ್ರದ ನೀರುಗಂಟಿ

ಇಡೀ ಬಂಗಾರಪೇಟೆ ತಾಲ್ಲೂಕಿನಲ್ಲಿ ಸಮುದ್ರದ ನೀರುಗಂಟಿಯನ್ನು ಹುಡುಕಿಕೊಂಡು ಹೋದ ಮನುಷ್ಯ ಒಬ್ಬರೇ ಒಬ್ಬರು. ಅವರು ನಮ್ಮ ಭಾವ. ಬೇರೆ ಯಾರಾದರೂ ಹೋಗಿದ್ದರೆ ಹೇಳಿ, ನಾನು ಇಲ್ಲಿಗೇ ಬರೆಯುವುದನ್ನು ನಿಲ್ಲಿಸಿಬಿಡುತ್ತೇನೆ!

ನೀರುಗಂಟಿ ಯಾರು ಅಂತ ಪಟ್ಟಣದವರಿಗೆ ಹೇಳಬೇಕು. ನಮ್ಮ ಕಡೆ ಹೊಳೆಯಿಲ್ಲ, ನಾಲೆಯಿಲ್ಲ, ಇರುವುದೆಲ್ಲ ಕೆರೆ. ಕೆರೆಗೊಂದು ತೂಬು. ಆ ತೂಬನ್ನು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೋ ಅಷ್ಟು ಬಿಟ್ಟು ಮುಚ್ಚುವವನು ನೀರುಗಂಟಿ. ಬಿಸಿಲು ಹೀರಿಕೊಂಡದ್ದು ಬಿಟ್ಟರೆ ಅವನ ಅಪ್ಪಣೆಯಿಲ್ಲದೆ ಕೆರೆಯ ನೀರು ಒಂದು ಬೆರಳೂ ಇಳಿಯುವುದಿಲ್ಲ. ಭಾವನ ಅಪ್ಪ ಬಂಗಾರಪೇಟೆ ಹತ್ತಿರದ ಒಂದು ಹಳ್ಳಿಯಲ್ಲಿ ನೀರುಗಂಟಿಯಾಗಿದ್ದವರು. ಆದ್ದರಿಂದ ನೀರು ಇಳಿದಿದೆ ಅಂದರೆ ಯಾರೋ ಇಳಿಸಿದ್ದಾರೆ ಎನ್ನುವುದು ಭಾವನಿಗೆ ತೊಟ್ಟಿಲಲ್ಲಿ ಬಂದ ತಿಳಿವಳಿಕೆ. ನಗಬೇಡಿ. ಅವತ್ತು ಅವರ ಬೆನ್ನ ಹಿಂದೆ ಅದೇ ನೀರುಗಂಟಿಯನ್ನು ಹುಡುಕುತ್ತ ಓಡಿದವನು ನಾನು, ಮತ್ತು ನಾನು ಬಂಗಾರಪೇಟೆಯ ಒಂದು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು!

ಭಾವ ಎಂದರೆ ನಮ್ಮಕ್ಕನ ಗಂಡ. ಅವರು ಕೂತಿದ್ದನ್ನು ಕಂಡವರು ಕಡಿಮೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಬರುತ್ತಿದ್ದರು. ಕ್ಷೌರಕ್ಕೆ ಕೂತರೆ ಅರ್ಧ ತಲೆಯಲ್ಲಿ ಎದ್ದು ಬೀದಿಗೆ ಹೋಗಿ ಯಾರನ್ನೋ ಮಾತಾಡಿಸಲು ನಿಲ್ಲುತ್ತಿದ್ದರು. ಕ್ಷೌರದವನು ಕತ್ತರಿ ಹಿಡಿದು ಹಿಂದೆಯೇ ಹೋಗಿ ಉಳಿದರ್ಧವನ್ನು ಅಲ್ಲೇ ಮುಗಿಸುತ್ತಿದ್ದ. ಇಂಥವರಿಗೆ ದೇವರು ಕೊಟ್ಟ ಕೆಲಸವಾದರೂ ಯಾವುದು? ಕೆ.ಜಿ.ಎಫ್.ನ ಚಿನ್ನದ ಗಣಿಯಲ್ಲಿ, ನೆಲದಿಂದ ಒಂದು ಮೈಲಿಗೂ ಕೆಳಗೆ, ಬಗ್ಗಿದರೆ ಏಳಲಾಗದ ಇಕ್ಕಟ್ಟಿನಲ್ಲಿ ಬಂಡೆಗೆ ಮರದ ಆಸರೆ ಕೊಡುವುದು. ಇಪ್ಪತ್ತು ವರ್ಷ ಅದನ್ನೇ ಮಾಡಿದರು. ಕೆಳಗೆ ಅಲ್ಲಾಡದೆ ಕಳೆದ ಎಂಟು ಗಂಟೆಯನ್ನು ಮೇಲೆ ಬಂದು ಓಡಾಡಿ ಸರಿಮಾಡಿಕೊಳ್ಳುತ್ತಿದ್ದರು.

ಗಣಿಯವರಲ್ಲಿ ಒಂದು ಪದ್ಧತಿಯಿದೆ. ಕೆಲಸಕ್ಕೆ ಕೈ ಹಾಕುವ ಮುಂಚೆ ತಲೆಯ ಮೇಲಿನ ಬಂಡೆಯನ್ನು ಹಾರೆಯಿಂದ ತಟ್ಟಿ ಕೇಳಬೇಕು. ಖಣ್ ಅಂದರೆ ಗಟ್ಟಿ. ಡಬ್ ಅಂದರೆ ಒಳಗೆ ಬಿಟ್ಟುಕೊಂಡಿದೆ, ಅದರ ಕೆಳಗೆ ನಿಲ್ಲಬಾರದು. ಭಾವ ಈ ಪದ್ಧತಿಯನ್ನು ಗಣಿಯಲ್ಲೇ ಬಿಟ್ಟು ಬರಲಿಲ್ಲ. ನನಗೆ ಹೆಣ್ಣು ನೋಡಲು ಮುಳಬಾಗಿಲ ಕಡೆ ಹೋದಾಗ ಏನಾಯಿತು ಗೊತ್ತೆ? ಹೆಣ್ಣಿನ ಅಪ್ಪ ಉಪ್ಪಿಟ್ಟಿನ ತಟ್ಟೆ ತಂದಿಟ್ಟರು. ಭಾವ ಎದ್ದು, ಕೊಡೆಯ ತುದಿಯಿಂದ ಆ ಮನೆಯ ಮಾಳಿಗೆಯನ್ನು ಮೂರು ಕಡೆ ಕುಟ್ಟಿ, ಕಿವಿಗೊಟ್ಟು ಕೇಳಿ, "ಎಲ್ರೂ ಅಂಗಳಕ್ಕೆ ನಡೀರಿ, ಇದು ಸರಿ ಇಲ್ಲ" ಅಂದರು. ಎಲ್ಲರೂ ಉಪ್ಪಿಟ್ಟು ಹಿಡಿದು ಅಂಗಳಕ್ಕೆ ಬಂದೆವು. ಹೆಣ್ಣೂ ಬಂದಳು. ಒಳಗಿನ ಮಬ್ಬಿನಲ್ಲಾಗಿದ್ದರೆ ಒಪ್ಪುತ್ತಿದ್ದಳೋ ಏನೋ, ಹೊರಗೆ ಬಿಸಿಲಲ್ಲಿ ನನ್ನನ್ನು ಸರಿಯಾಗಿ ನೋಡಿ ಬೇಡ ಅಂದಳು.

ಅದು ಇದೆಲ್ಲ ಬರೀ ತಮಾಷೆಯಾಗಿದ್ದ ಕಾಲ. ಆಮೇಲೆ ಒಂದು ದಿನ ಕೆಳಗೆ ಬಂಡೆ ಸಿಡಿಯಿತು. ಯಾರ ತಪ್ಪೂ ಅಲ್ಲ, ಆ ಆಳದಲ್ಲಿ ಬಂಡೆ ಒಮ್ಮೊಮ್ಮೆ ಹಾಗೆ ಸಿಡಿಯುತ್ತದೆ. ಭಾವ ಒಬ್ಬರೇ ಒಂದು ಮೂಲೆಯಲ್ಲಿ ಸಿಕ್ಕಿಕೊಂಡರು. ದೀಪ ಆರಿತು. ಒಂದೂವರೆ ದಿನ ಆ ಕತ್ತಲಲ್ಲಿ ಕೂತಿದ್ದರು. ಹೊರಗೆ ತೆಗೆದಾಗ ಮೈಮೇಲೆ ಒಂದು ಗೀರು ಕೂಡ ಇರಲಿಲ್ಲ, ಮೊದಲು ಬೀಡಿ ಕೇಳಿದರಂತೆ. ಎಲ್ಲರೂ ನಕ್ಕು ಬೆನ್ನು ತಟ್ಟಿ ಮನೆಗೆ ಕಳಿಸಿದರು. ಮನೆಗೆ ಬಂದವರು ಹೊಸ್ತಿಲ ಹತ್ತಿರ ನಿಂತರು. ಒಳಗೆ ಬರಲಿಲ್ಲ.

ಅವತ್ತಿನಿಂದ ಭಾವ ಯಾವ ಸೂರಿನ ಕೆಳಗೂ ಹೋಗಲಾರದವರಾದರು. ಮನೆ ಎಂದರೆ ನಂದಿದುರ್ಗ ಗಣಿಯ ಲೈನಿನಲ್ಲಿ, ಅಂದರೆ ಗಣಿಯವರ ಮನೆಸಾಲಿನಲ್ಲಿ, ಕೆಲಸದ ಜೊತೆ ಬಂದ ಮನೆ, ತಗ್ಗು ಸೂರಿನದು. ಊಟ ಅಂಗಳದಲ್ಲಿ, ನಿದ್ದೆ ಅಂಗಳದಲ್ಲಿ. ಸ್ನಾನಕ್ಕೆ ಅಕ್ಕ ಬಕೆಟ್ಟನ್ನು ಬೀದಿಗೇ ತರಬೇಕು. ಗಣಿಯವರು ಮೂರು ತಿಂಗಳ ರಜ ಕೊಟ್ಟರು. ರಜ ಮುಗಿದ ಸೋಮವಾರ ಮತ್ತೆ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಕೆಲಸವೂ ಇಲ್ಲ, ಮನೆಯೂ ಇಲ್ಲ. ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅಕ್ಕ ಎಲ್ಲಿಗೆ ಹೋಗಬೇಕು? ಆಗಿನ್ನೂ ಲೈನಿನಲ್ಲಿ ಟೀವಿ ಬಂದಿರಲಿಲ್ಲ, ಸಂಜೆಯಾದರೆ ಜನಕ್ಕೆ ನೋಡಲು ಕೇಳಲು ಇದ್ದದ್ದು ನಮ್ಮ ಅಕ್ಕ ಭಾವ ಇಬ್ಬರೇ.

"ಎಲ್ಲಾ ಗಂಡಸ್ರೂ ಓಯ್ತವ್ರೆ, ಬತ್ತವ್ರೆ. ನಿಮಗೊಬ್ಬರಿಗೆ ಏನ್ ಬಂತು?" ಅನ್ನುತ್ತಿದ್ದಳು ಅಕ್ಕ. "ಸೋಮವಾರ ಇಳೀಲಿಲ್ಲ ಅಂದ್ರೆ ನಾನು ಪಾತ್ರೆ ಪಡಗ ಎತ್ಕೊಂಡು ಬೀದಿಗೆ ಬೀಳ್ಬೇಕು."

"ಬೀದಿ ಒಳ್ಳೇದೇ ಕಣೇ," ಅನ್ನುತ್ತಿದ್ದರು ಭಾವ. "ಮೇಲೆ ಏನೂ ಇರಾಕಿಲ್ಲ."

ಆ ಮೂರು ತಿಂಗಳು ಅವರು ನಡೆದದ್ದನ್ನು ಉದ್ದಕ್ಕೆ ಹಾಸಿದ್ದರೆ ಕಾಶಿ ಮುಟ್ಟುತ್ತಿತ್ತು. ಬೆಳಗ್ಗೆ ಎದ್ದು ರೈಲು ಹಳಿಯ ಪಕ್ಕದಲ್ಲೇ ಮಾರಿಕುಪ್ಪಂಗೆ ಹೋಗುವುದು, ಅಲ್ಲಿ ಹಳಿ ಮುಗಿಯಿತು ಅಂತ ಬೇಸರಪಟ್ಟು ವಾಪಸು ಬರುವುದು. ಹೀಗೆ ಒಂದು ದಿನ ಉರಿಗಾಂ ಸ್ಟೇಷನ್ನಿನ ಹತ್ತಿರ ಕಡಲೆಕಾಯಿ ಕೊಂಡರು. ತಿಂದು ಮುಗಿಸಿ ಪೊಟ್ಟಣ ಬಿಚ್ಚಿದರೆ ಅದು ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯ ಹಾಳೆ. ಅದರಲ್ಲೊಂದು ಫೋಟೋ. ಹಿಮದ ದೇಶದ ಒಬ್ಬ ಮನುಷ್ಯ ಸಮುದ್ರದಲ್ಲಿ ಸಣ್ಣದೊಂದು ತೊಗಲಿನ ದೋಣಿಯಲ್ಲಿದ್ದಾನೆ. ದೋಣಿಗೆ ಮೇಲೂ ಮುಚ್ಚಿಗೆ, ಮಧ್ಯೆ ಒಂದು ತೂತು, ತೂತಿನಲ್ಲಿ ಅವನು. ಕೈಯಲ್ಲಿ ಎರಡು ತುದಿಗೂ ಹಲಗೆಯಿರುವ ಹುಟ್ಟು. ಅವನ ತಲೆಯ ಮೇಲೆ ಆಕಾಶ ಬಿಟ್ಟರೆ ಮತ್ತೇನೂ ಇಲ್ಲ. ಕಯಾಕ್ ಅಂತ ಕೆಳಗೆ ಬರೆದಿತ್ತು. ಅದನ್ನು ನನ್ನಿಂದ ಓದಿಸಲು ಉರಿಗಾಂನಿಂದ ಬಂಗಾರಪೇಟೆಗೆ ನಡೆದೇ ಬಂದರು!

"ಇದನ್ನ ಮಾಡ್ತೀನಿ ಮೇಷ್ಟ್ರೇ," ಅಂದರು.

"ಬಾವ, ಇದ್ರಲ್ಲಿ ಅರ್ಧ ದೋಣಿ ಮಾತ್ರ ಇದೆ," ಅಂದೆ. ಹಾಳೆ ಆ ಮನುಷ್ಯನ ಬೆನ್ನಿನ ಹತ್ತಿರ ಹರಿದಿತ್ತು. ಹಿಂದಿನ ಅರ್ಧ ಇನ್ಯಾರದೋ ಕಡಲೆಕಾಯಿ ಕಟ್ಟಿಕೊಂಡು ಹೋಗಿತ್ತು.

"ಮುಂದಿಂದು ಗೊತ್ತಾಯ್ತಲ್ಲ. ಇಂದಿಂದೂ ಅಂಗೇ ಇರ್ತದೆ."

ಆಮೇಲೆ ನನಗೆ ಗೊತ್ತಾಯಿತು, ಕಯಾಕಿಗೆ ನಿಜವಾಗಿಯೂ ಹಿಂದೂ ಮುಂದೂ ಒಂದೇ ಥರ ಚೂಪು. ಭಾವ ಮಾಡಿದ ಎಷ್ಟೋ ಕೆಲಸ ಹೀಗೆ ಗೊತ್ತಿಲ್ಲದೆಯೇ ಸರಿಯಾಗಿವೆ. ಆದರೆ ಮೂರು ವಾರದ ರಜ ಉಳಿದಿರುವಾಗ ದೋಣಿ ಯಾಕೆ? ಅದನ್ನು ಕೇಳಿದಾಗ ಅವರು ಕೊಟ್ಟ ಉತ್ತರವನ್ನು ನಾನು ಮರೆತಿಲ್ಲ.

"ನೋಡ್ಲಾ, ಗಣಿ ಒಳಗೆ ಪೂರ್ತಿ ಓಗ್ಬೇಕು. ಅದು ನನ್ನ ಕೈಲಿ ಆಗ್ತಾ ಇಲ್ಲ. ಇದ್ರಾಗೆ ಕಾಲು ಸೊಂಟ ಎಲ್ಲಾ ಕತ್ತಲೊಳಗೆ, ತಲೆ ಮಾತ್ರ ಆಕಾಶದಾಗೆ. ಮೊದ್ಲು ಅರ್ಧ ಅಭ್ಯಾಸ ಮಾಡ್ಕೋತೀನಿ. ಆಮೇಲೆ ಇನ್ನರ್ಧ."

ಇದಕ್ಕೆ ಏನು ಹೇಳುತ್ತೀರಿ? ಬಿ.ಎ. ಓದಿದ ನನಗೆ ಏನೂ ಹೊಳೆಯಲಿಲ್ಲ. ಅಕ್ಕನಿಗೆ ಹೊಳೆಯಿತು. ಅವಳು ಹೇಳಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ.

ಬಿದಿರು ಬಂಗಾರಪೇಟೆಯಿಂದ ಬಂತು. ಬಿದಿರಿನ ಸೀಳುಗಳನ್ನು ಕಟ್ಟಲು ಹಳೆಯ ಸೈಕಲ್ ಟ್ಯೂಬು. ಮೇಲೆ ಹೊದಿಸಲು ಗಣಿಯೊಳಗೆ ಗಾಳಿ ಹಾಯಿಸುವ ಕ್ಯಾನ್ವಾಸ್ ಕೊಳವೆ, ಹರಿದು ಗುಜರಿ ಅಂಗಡಿಗೆ ಬಿದ್ದದ್ದು. ಅದಕ್ಕೆ ಡಾಂಬರು ಕಾಯಿಸಿ ಬಳಿದರು. ಆ ವಾಸನೆಗೆ ಅವರ ಲೈನಿನ ನಾಯಿಗಳೆಲ್ಲ ಪಕ್ಕದ ಲೈನಿಗೆ ವಲಸೆ ಹೋದವು. ಹುಟ್ಟಿನ ಎರಡು ತುದಿಗೆ ಏನು ಅಂತ ಯೋಚಿಸುತ್ತಿದ್ದಾಗಲೇ ಅಕ್ಕನ ಮಣೆಗಳು ಕಾಣೆಯಾದವು. ಮಕ್ಕಳು ಒಂದು ವಾರ ನೆಲದ ಮೇಲೆ ಕೂತು ಉಂಡರು. ಪಕ್ಕದ ಮನೆಯವರು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಣ್ಣಾ, ಇದು ಯಾವ ಕಡೆಗೆ ಓಗ್ತದೆ?" ಅಂತ ಕೇಳಿದರು. "ನಾನು ಯಾವ ಕಡೆ ಮುಖ ಮಾಡ್ಕೊಂಡು ಕೂತ್ಕೋತೀನೋ ಆ ಕಡೆಗೆ," ಅಂದರು ಭಾವ.

ಮೊದಲ ಪರೀಕ್ಷೆ ಭಾವನ ಊರಿನ ಕೆರೆಯಲ್ಲಿ. ಬೇಸಿಗೆಯ ಕೆರೆ, ನಡುವೆ ಮಾತ್ರ ಸೊಂಟದುದ್ದ ನೀರು, ಆ ನೀರೆಲ್ಲ ಎಮ್ಮೆಗಳದ್ದು. ಭಾವ ತೂತಿನಲ್ಲಿ ಇಳಿದರು, ಕಾಲು ಒಳಗೆ ಚಾಚಿದರು, ಮುಖ ಬೆಳ್ಳಗಾಯಿತು, ತಕ್ಷಣ ಹೊರಗೆ ಎಳೆದುಕೊಂಡರು. ಮತ್ತೆ ಇಳಿದರು. ಹೀಗೆ ಏಳೆಂಟು ಸಲ. ಏರಿಯ ಮೇಲೆ ನಿಂತ ಇಡೀ ಊರು ಪ್ರತಿ ಸಲವೂ ನಕ್ಕಿತು. ಒಂಬತ್ತನೇ ಸಲ ಕಾಲು ಒಳಗೇ ಉಳಿಯಿತು. ಮಣೆ ಬೀಸಿದರು. ದೋಣಿ ಹೋಯಿತು! ನೆಟ್ಟಗೆ ಹೋಗಿ ಎರಡು ಎಮ್ಮೆಗಳ ನಡುವೆ ಸಿಕ್ಕಿಕೊಂಡು ನಿಂತಿತು. ಎಮ್ಮೆಗಳು ಏಳಲಿಲ್ಲ. ಅವು ಏಳುವವರೆಗೆ, ಎಂದರೆ ಹಾಲು ಕರೆಯುವ ಹೊತ್ತಿನವರೆಗೆ, ಭಾವ ಅಲ್ಲೇ ಕೂತಿದ್ದರು. ಗಣಿಯ ಹೊರಗೆ ಅವರು ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಅದೇ ಮೊದಲು.

ಸಂಜೆ ಬಂದು, "ಕೆರೆ ಸಾಲ್ದು," ಅಂದರು.

ಸಮುದ್ರಕ್ಕೆ ಅಕ್ಕನನ್ನು ಒಪ್ಪಿಸುವುದು ಹೇಗೆ? ಇಪ್ಪತ್ತು ವರ್ಷದಿಂದ ಅಕ್ಕ ರಾಮೇಶ್ವರಕ್ಕೆ ಹೋಗೋಣ ಅನ್ನುತ್ತಿದ್ದಳು. ಭಾವ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅವರಾಗಿಯೇ, "ನಡಿ, ಈಶ್ವರನ್ನ ನೋಡ್ಕೊಂಡು ಬರಾನ" ಅಂದರು. ರಾಮೇಶ್ವರ ದ್ವೀಪ ಅಂತ ಅವರಿಗೆ ಹೇಳಿದ ಪಾಪಿ ನಾನೇ. ಅಕ್ಕ ಎರಡು ದಿನ ಅನುಮಾನದಿಂದ ನೋಡಿ, ಕೊನೆಗೆ ಸೋಮವಾರ ಗಣಿಗೆ ಇಳಿಯುತ್ತೇನೆ ಅಂತ ಮಕ್ಕಳ ತಲೆ ಮುಟ್ಟಿ ಆಣೆ ಮಾಡಿಸಿಕೊಂಡು ಒಪ್ಪಿದಳು. ಮಕ್ಕಳನ್ನು ನಮ್ಮಮ್ಮನ ಹತ್ತಿರ ಬಿಟ್ಟೆವು. ಬೇಸಿಗೆ ರಜ ಅಂತ ನನ್ನನ್ನೂ ಎಳೆದುಕೊಂಡರು.

ದೋಣಿಯನ್ನು ಬಿಚ್ಚಿ, ಬಿದಿರು ಕ್ಯಾನ್ವಾಸು ಎಲ್ಲ ಸೇರಿಸಿ ಉದ್ದಕ್ಕೆ ಸುತ್ತಿ, ಡಾಂಬರು ಮೆತ್ತಬಾರದೆಂದು ಮೇಲೊಂದು ಬಿಳಿ ಪಂಚೆ ಸುತ್ತಿದೆವು. ಹೆಗಲ ಮೇಲೆ ಮುಂದೆ ಭಾವ, ಹಿಂದೆ ನಾನು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಜನ ದಾರಿ ಬಿಟ್ಟರು. ಒಬ್ಬರು ಚಪ್ಪಲಿ ಬಿಟ್ಟು ಕೈಮುಗಿದರು. ಟಿಕೆಟ್ ಕಲೆಕ್ಟರು ಟೋಪಿ ತೆಗೆದು ಅಕ್ಕನ ಹತ್ತಿರ ಮೆಲ್ಲಗೆ, "ಯಾರಮ್ಮಾ ತೀರಿಕೊಂಡಿದ್ದು?" ಅಂತ ಕೇಳಿದರು.

"ನನ್ನ ತಾಳ್ಮೆ ಸಾರ್," ಅಂದಳು ಅಕ್ಕ.

ರೈಲಿನ ಡಬ್ಬಿಗೂ ಸೂರಿದೆಯಲ್ಲ! ಭಾವ ಬಾಗಿಲಲ್ಲೇ ನಿಂತರು. ಕುಪ್ಪಂನಲ್ಲಿ ಇಳಿದರು, ಜೋಲಾರಪೇಟೆಯಲ್ಲಿ ಇಳಿದರು, ರೈಲು ಎಲ್ಲೆಲ್ಲಿ ಉಸಿರು ಬಿಟ್ಟಿತೋ ಅಲ್ಲೆಲ್ಲ ಇಳಿದು ತಲೆ ಎತ್ತಿ ಆಕಾಶ ಇದೆಯೇ ಅಂತ ನೋಡಿ ಹತ್ತಿದರು. ಕಾಟ್ಪಾಡಿಯಲ್ಲಿ ರೈಲು ಹೊರಟೇಬಿಟ್ಟಿತು. ಭಾವ ಪ್ಲಾಟ್‌ಫಾರಂ ಉದ್ದಕ್ಕೂ ಓಡಿ ಹಿಂದಿನ ಡಬ್ಬಿ ಹಿಡಿದರು. ಮುಂದಿನ ನಿಲ್ದಾಣದವರೆಗೂ ಅಕ್ಕ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದಳು. ಅವರು ಬಂದ ಮೇಲೆ ಒಂದು ಗಂಟೆ ಬೈದಳು. ರಾಮೇಶ್ವರದಲ್ಲಿ ಆ ಉದ್ದನೆಯ ಕಂಬಗಳ ಪ್ರಾಕಾರ ನೋಡಿದಿರಾ? ಲೋಕವೆಲ್ಲ ಅದನ್ನು ನೋಡಲು ಬರುತ್ತದೆ. ಭಾವ ಗೋಪುರದ ಹೊರಗೆ ನಿಂತು, "ನಾನು ಇಲ್ಲಿಂದಾನೇ ಮುಗೀತೀನಿ, ಅವನಿಗೆ ಕಾಣ್ತದೆ" ಅಂದರು.

ಮರುದಿನ ಬೆಳಗ್ಗೆ ದ್ವೀಪದ ಬಡಗಣ ದಂಡೆಯಲ್ಲಿ ದೋಣಿ ಕಟ್ಟಿದೆವು. ಆ ಕಡೆಯ ಸಮುದ್ರ ನಿಜಕ್ಕೂ ನಮ್ಮ ಕೆರೆಯ ಹಾಗೇ ಇತ್ತು, ಅಲೆಯೆಂಬ ಅಲೆಯಿಲ್ಲ. ಆಚೆ ದಡ ಮಾತ್ರ ಇರಲಿಲ್ಲ, ಎಮ್ಮೆಯೂ ಇರಲಿಲ್ಲ. ಅಕ್ಕ ಎರಡು ಕರಾರು ಹಾಕಿದಳು. ಮೊದಲನೆಯದು ಭಾವನಿಗೆ, ದಂಡೆಯ ಪಕ್ಕದಲ್ಲೇ ಹೋಗಬೇಕು, ಹೊತ್ತು ನೆತ್ತಿಗೆ ಬಂದ ಸ್ವಲ್ಪ ಹೊತ್ತಿಗೆಲ್ಲ ವಾಪಸು ಬರಬೇಕು. ಎರಡನೆಯದು ನನಗೆ.

"ಲೇ, ಇವರನ್ನ ಕಣ್ಣಿಂದ ಮರೆ ಮಾಡ್ಬೇಡ ಕಣ್ಲಾ. ದಂಡೆ ಮೇಲೇನೇ ಜೊತೇಲಿ ಓಗು. ನಾನು ಇಲ್ಲೇ ಇರ್ತೀನಿ."

ಹೀಗೆ ಆ ದಿನ ಭಾವ ಸಮುದ್ರದಲ್ಲಿ ಹೋದರು, ನಾನು ನೆಲದ ಮೇಲೆ ಓಡಿದೆ. ನನ್ನ ಒಂದು ಕೈಯಲ್ಲಿ ರಾಗಿ ರೊಟ್ಟಿಯ ಗಂಟು, ಇನ್ನೊಂದರಲ್ಲಿ ನೀರಿನ ಕೂಜ, ಕಂಕುಳಲ್ಲಿ ಭಾವನ ಚಪ್ಪಲಿ. ಅವರದ್ದು ನೆಟ್ಟಗಿನ ದಾರಿ. ನನಗೆ ಸೀಮೆಜಾಲಿ ಮುಳ್ಳು, ಒಣ ಹಾಕಿದ ಬಲೆ, ಕಾದ ಮರಳು, ತಾಳೆಮರದ ಬೇಲಿ, ಬೇಲಿಯಾಚೆ ನಾಯಿ. ಮೊದಲರ್ಧ ಗಂಟೆ ದೋಣಿ ಎಡಕ್ಕೆ ಮೂರು, ಬಲಕ್ಕೆ ಎರಡು ಅಂತ ಕುಡಿದವನಂತೆ ಹೋಯಿತು. ಆಮೇಲೆ ಮಣೆ ಲಯಕ್ಕೆ ಬಂತು. ಒಂದು ಎಡ, ಒಂದು ಬಲ. ದ್ವೀಪದ ಅಂಚು ಒಳಕ್ಕೆ ಬಾಗಿದಲ್ಲಿ ಅವರೂ ಬಾಗಿದರು, ಹೊರಕ್ಕೆ ಚಾಚಿದಲ್ಲಿ ಸುತ್ತಿ ಹೋದರು. ಹಸಿರು ನೀರಿನ ಕೆಳಗೆ ಕಲ್ಲು ಕಂಡರೆ ಮಣೆಯಿಂದ ತಟ್ಟಿ ಕೇಳುತ್ತಿದ್ದರು.

"ಮೇಷ್ಟ್ರೇ, ಯಾಕ್ ಇಂದೆ ಬಿದ್ರಿ?" ಅಂತ ಅಲ್ಲಿಂದ ಕೂಗಿದರು.

"ಮುಳ್ಳು ಚುಚ್ತು ಬಾವ."

"ಇಲ್ಲಿ ಮುಳ್ಳಿಲ್ಲ, ಬಾ."

ನಾನು ಹಲ್ಲು ಕಚ್ಚಿಕೊಂಡು ಓಡಿದೆ. ಆದರೂ ನಿಜ ಹೇಳಬೇಕು, ಆ ಮನುಷ್ಯನನ್ನು ನೋಡಿ ನನಗೆ ಖುಷಿಯಾಯಿತು. ಮೂರು ತಿಂಗಳಿಂದ ಒಂದು ಕಡೆ ನಿಲ್ಲದ ಕಣ್ಣು ಆಗ ಮುಂದಕ್ಕೆ ನೆಟ್ಟಿತ್ತು. ಕಾಲು ಕತ್ತಲೊಳಗಿದೆ ಎನ್ನುವುದೇ ಅವರಿಗೆ ಮರೆತಂತಿತ್ತು.

ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಒಂದು ಸಣ್ಣ ಕೊಲ್ಲಿಯಂಥ ಜಾಗ ಸಿಕ್ಕಿತು. ಭಾವ ದಡಕ್ಕೆ ಬಂದರು. ಕೆರೆಯಲ್ಲಿ ತೆಪ್ಪ ಕಟ್ಟುವ ಹಾಗೆ ದೋಣಿಯನ್ನು ನೀರಲ್ಲೇ ಬಿಟ್ಟು, ಹಗ್ಗವನ್ನು ಒಂದು ತಾಳೆಮರದ ಬೊಡ್ಡೆಗೆ ಬಿಗಿದರು. ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಮುಗಿಸಿದೆವು. ಓಡಿ ಓಡಿ ಸುಸ್ತಾಗಿದ್ದ ನಾನು ಬೇಲಿಯ ನೆರಳಲ್ಲಿ, ಭಾವ ಬಟಾಬಯಲಿನ ಬಿಸಿಲಲ್ಲಿ, ಒಂದು ಗಳಿಗೆ ಅಂತ ತಲೆ ಊರಿದೆವು.

ಎಚ್ಚರವಾದಾಗ ಸಮುದ್ರ ಇರಲಿಲ್ಲ!

ಅಂದರೆ ಇತ್ತು, ದೂರದಲ್ಲಿ ಒಂದು ಗೆರೆಯಂತೆ ಇತ್ತು. ದೋಣಿ ಕೆಸರಿನ ಮೇಲೆ ಒಂದು ಮಗ್ಗುಲಿಗೆ ವಾಲಿಕೊಂಡಿತ್ತು. ಭಾವ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ನೀರುಗಂಟಿಯ ಮಗನಿಗೆ ಒಂದು ಕ್ಷಣದಲ್ಲಿ ಎಲ್ಲ ಅರ್ಥವಾಯಿತು.

"ತೂಬು ಎತ್ತವ್ರೆ," ಅಂದರು. "ಕೇಳ್ದೆ ಕಾಣ್ದೆ ಎತ್ತವ್ರೆ. ನಮ್ಮಪ್ಪ ಆಗಿದ್ರೆ ಊರಿಗೆಲ್ಲ ತಮಟೆ ಒಡಿಸಿ ಎತ್ತೋರು. ಬಾ, ಯಾರು ಅಂತ ವಿಚಾರಿಸಾನ."

ನೀವೇ ಹೇಳಿ, ನಾನು ಆಗ ಏನು ಅನ್ನಬೇಕಿತ್ತು? ಏಳು ವರ್ಷದಿಂದ ಆರನೇ ಕ್ಲಾಸಿಗೆ ಉಬ್ಬರ ಇಳಿತದ ಪಾಠ ಮಾಡುತ್ತಿದ್ದೆ. ಕರಿಹಲಗೆಯ ಮೇಲೆ ಸೂರ್ಯ, ಚಂದ್ರ, ಭೂಮಿ ಬರೆದು ಬಾಣದ ಗುರುತು ಹಾಕುತ್ತಿದ್ದೆ. ತಪ್ಪು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಆದರೆ ಅಲ್ಲಿ, ಆ ಕೆಸರಿನ ಮುಂದೆ ನಿಂತಾಗ, ದೇವರಾಣೆಗೂ ನನ್ನ ತಲೆಗೆ ಬಂದದ್ದು ತೂಬೇ. ಭಾವನ ಹಿಂದೆ ಓಡಿದೆ.

ಕಾಲು ಮೈಲಿ ಹೋದ ಮೇಲೆ ಕರುವಾಡು, ಅಂದರೆ ಉಪ್ಪುಮೀನು, ಒಣಗಿಸುತ್ತ ಒಬ್ಬ ಮುದುಕಿ ಸಿಕ್ಕಳು. ಭಾವನಿಗೆ ಕೆ.ಜಿ.ಎಫ್. ತಮಿಳು ಚೆನ್ನಾಗಿ ಬರುತ್ತದೆ. ಇಲ್ಲಿ ನೀರು ಬಿಡುವವರು ಯಾರು, ಅವರ ಮನೆ ಎಲ್ಲಿ ಅಂತ ತಮಿಳಿನಲ್ಲಿ ಮರ್ಯಾದೆಯಾಗಿಯೇ ಕೇಳಿದರು. ಮುದುಕಿ ಕೈಯಲ್ಲಿದ್ದ ಮೀನು ಕೆಳಗಿಟ್ಟಳು. ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಸಮುದ್ರವನ್ನು ಯಾರೂ ಬಿಡುವುದಿಲ್ಲ, ದಿನಾ ಅದೇ ಹೋಗುತ್ತದೆ, ಅದೇ ಬರುತ್ತದೆ, ಸಂಜೆಯ ಹೊತ್ತಿಗೆ ಬರುತ್ತದೆ ಅಂದಳು. ಆಮೇಲೆ ನಕ್ಕಳು ನೋಡಿ, ಹಲ್ಲಿಲ್ಲದ ಬಾಯಿ ಮುಚ್ಚಿಕೊಳ್ಳಲು ಅವಳಿಗೆ ಎರಡು ಕೈ ಸಾಲಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಕರಿಹಲಗೆ, ಚಂದ್ರ, ಬಾಣ ಎಲ್ಲ ಒಟ್ಟಿಗೆ ನೆನಪಾದವು.

"ಬಾವ, ಇದು ಉಬ್ಬರ ಇಳಿತ," ಅಂದೆ.

"ನಿಂಗೆ ಗೊತ್ತಿತ್ತಾ?"

"ಪಾಠ ಮಾಡ್ತೀನಿ ಬಾವ."

"ಯಾರಿಗೆ?" ಅಂದರು. ಅದಕ್ಕಿಂತ ದೊಡ್ಡ ಬೈಗುಳವನ್ನು ಯಾವ ಇನ್‌ಸ್ಪೆಕ್ಟರೂ ನನಗೆ ಬೈದಿಲ್ಲ.

ದೋಣಿಯನ್ನು ನೀರಿನವರೆಗೆ ಹೊರೋಣ ಅಂತ ನೋಡಿದೆವು, ಕೆಸರು ಮೊಣಕಾಲು ನುಂಗಿತು. ದಂಡೆಯ ಕಡೆಗೆ ಎಳೆದು ಗಟ್ಟಿ ನೆಲಕ್ಕೆ ತರುವುದರಲ್ಲೇ ಸಾಕಾಯಿತು. ಹೊತ್ತುಕೊಂಡು ನಡೆದು ವಾಪಸು ಹೋಗೋಣ ಅಂದರೆ ಆ ಮುಳ್ಳಿನಲ್ಲಿ ಕ್ಯಾನ್ವಾಸು ಉಳಿಯುತ್ತಿರಲಿಲ್ಲ. ನಾನೊಬ್ಬನೇ ಹೋಗಿ ಅಕ್ಕನಿಗೆ ಹೇಳಿ ಬರಲೇ? ಕಣ್ಣಿಂದ ಮರೆ ಮಾಡಬೇಡ ಅಂದಿದ್ದಾಳೆ. ಹೋಗದಿದ್ದರೆ ಅಲ್ಲಿ ಕಾಯುತ್ತಾಳೆ. ಹೋಗಲೋ ಬೇಡವೋ ಅಂತ ಹತ್ತು ಹೆಜ್ಜೆ ಆ ಕಡೆ, ಹತ್ತು ಹೆಜ್ಜೆ ಈ ಕಡೆ ಹಾಕುತ್ತ ನಾನೇ ಭಾವನಂತಾದೆ. ಕೊನೆಗೆ ಹೋಗಲಿಲ್ಲ. ಅದು ತಪ್ಪು ಅಂತ ಇವತ್ತಿಗೂ ಅನ್ನಿಸುತ್ತದೆ.

ಅಷ್ಟರಲ್ಲಿ ಮೋಡ ಕವಿದು ಬೇಸಿಗೆಯ ಮಳೆ ಹೊಯ್ಯಿತು. ಹನಿಗಳು ಕಲ್ಲಿನಂತೆ ಬಿದ್ದವು. ನೆನೆಯದೆ ನಿಲ್ಲುವಂಥ ಮರವಿಲ್ಲ, ಮನೆಯಿಲ್ಲ. ಭಾವ ದೋಣಿಯನ್ನು ಮಗುಚಿ, ಒಂದು ತುದಿಯನ್ನು ತಾಳೆಯ ಬೊಡ್ಡೆಗೆ ಆನಿಸಿ, ಇನ್ನೊಂದು ಮಗ್ಗುಲಿಗೆ ಹುಟ್ಟನ್ನು ಊರುಗೋಲು ಕೊಟ್ಟರು. ಗಣಿಯಲ್ಲಿ ಆಸರೆ ಕೊಡುವವರ ಕೈ ಅಲ್ಲವೇ, ಎರಡು ನಿಮಿಷ ಹಿಡಿಯಲಿಲ್ಲ. ನನ್ನ ಕುತ್ತಿಗೆ ಹಿಡಿದು ಒಳಗೆ ತಳ್ಳಿ ತಾವೂ ನುಗ್ಗಿದರು. ಡಾಂಬರಿನ ವಾಸನೆ, ಕತ್ತಲು, ಮಂಡಿಗೆ ಮಂಡಿ ತಾಗುವಷ್ಟು ಜಾಗ. ಭಾವ ಅಭ್ಯಾಸದಂತೆ ಬೆರಳ ಗೆಣ್ಣಿನಿಂದ ನೆತ್ತಿಯ ಮೇಲಿನ ಕ್ಯಾನ್ವಾಸು ತಟ್ಟಿ ಕೇಳಿದರು. "ಪರವಾಗಿಲ್ಲ," ಅಂದರು. ಬೀಡಿ ಹಚ್ಚಿದರು. ಅವರ ಅಪ್ಪ ಒಂದು ಮಳೆಗಾಲದಲ್ಲಿ ತೂಬು ಎತ್ತಲಾಗದೆ ಮುಳುಗು ಹಾಕಿದ ಕತೆ ಹೇಳಿದರು. ಕತೆ ಮುಗಿಯಿತು, ಮಳೆಯೂ ನಿಂತಿತು. ಆಗ ಬೀಡಿ ಕಟ್ಟಿಗೆ ಚಾಚಿದ ಅವರ ಕೈ ಅಲ್ಲೇ ನಿಂತಿತು.

"ಲೇ," ಅಂದರು. "ನಾನು ಒಳಗಿದೀನಿ ಕಣ್ಲಾ."

"ಊಂ ಬಾವ."

"ಎಷ್ಟೊತ್ತಿಂದ?"

"ಒಂದು ಗಂಟೆ ಆಗಿರ್ಬೇಕು."

ಅವರು ಹೊರಗೆ ಬರಲಿಲ್ಲ. ಇನ್ನೊಂದು ಬೀಡಿ ಮುಗಿಯುವವರೆಗೆ ಬೇಕೆಂದೇ ಅಲ್ಲಿ ಕೂತಿದ್ದರು. ನನಗೆ ಕಣ್ಣಲ್ಲಿ ನೀರು ಬಂತು, ಡಾಂಬರಿನ ವಾಸನೆಗೆ ಅಂತ ಹೇಳಿದೆ.

ಮುದುಕಿ ಹೇಳಿದ ಹಾಗೇ ಸಂಜೆಗೆ ಸಮುದ್ರ ಬಂತು. ಭಾವ ಮಣೆ ಹಾಕಿದ ರಭಸಕ್ಕೆ ನನಗೆ ದಂಡೆಯ ಮೇಲೆ ಓಡಿ ಮುಟ್ಟಲಾಗಲಿಲ್ಲ. ನಾವು ಹೋಗುವ ಹೊತ್ತಿಗೆ ಬಿಸಿಲು ಹೊಂಬಣ್ಣಕ್ಕೆ ತಿರುಗಿತ್ತು. ಅಕ್ಕ ಬೆಳಗ್ಗೆ ಬಿಟ್ಟು ಹೋದ ಜಾಗದಲ್ಲೇ ಕೂತಿದ್ದಳು. ಮಳೆ ಬಂದರೂ ಎದ್ದಿರಲಿಲ್ಲ, ಸೀರೆ ಮೈಮೇಲೇ ಒಣಗಿತ್ತು. ನಾನು ಬೈಗುಳಕ್ಕೆ ತಲೆ ಬಗ್ಗಿಸಿ ಸಿದ್ಧವಾದೆ. ಅವಳು ಭಾವನನ್ನು ನೋಡಿದಳು, "ಊಟ ಆಯ್ತಾ?" ಅಂದಳು. ಅಷ್ಟೇ. ಅಕ್ಕ ಬೈಯದಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು, ನನಗೆ ಹೆದರಿಕೆಯಾಯಿತು.

ಅವತ್ತು ಭಾವ ಛತ್ರದ ಒಳಗೆ ಮಲಗಿದರು. ಮರುದಿನ ಬೆಳಗ್ಗೆ ಆ ಪ್ರಾಕಾರವನ್ನು ಮೂರು ಸಲ ಸುತ್ತಿ ಒಂದೊಂದು ಕಂಬವನ್ನೂ ತಟ್ಟಿ ಕೇಳಿದರು. ದೋಣಿಯನ್ನು, ಮೀನು ಮಾರಲು ಬಂದಿದ್ದ ಆ ಮುದುಕಿಗೆ ಕೊಟ್ಟೆವು, ಮೀನು ಒಣಗಿಸಲು ಚೆನ್ನಾಗಿದೆ ಅಂದಳು. ವಾಪಸು ಬರುವಾಗ ರೈಲಿನಲ್ಲಿ ಕಿಟಕಿಯ ಪಕ್ಕ ಕೂತರು, ಬಂಗಾರಪೇಟೆಯವರೆಗೆ ಒಂದು ಕಡೆಯೂ ಇಳಿಯಲಿಲ್ಲ. ಡಬ್ಬಿಯಲ್ಲಿದ್ದವರಿಗೆಲ್ಲ ಸಮುದ್ರದ ಕತೆ ಹೇಳಿದರು. ಅಕ್ಕ ಎದುರಿನ ಸೀಟಿನಲ್ಲಿ ಅವರ ಮುಖವನ್ನೇ ನೋಡುತ್ತ ಕೂತಿದ್ದಳು.

ಭಾನುವಾರ ನಾನು ಅವರ ಮನೆಯಲ್ಲೇ ಉಳಿದೆ. ಸೋಮವಾರ ಬೆಳಗ್ಗೆ ಮೊದಲ ಪಾಳಿಯ ಸೈರನ್ ಆಯಿತು. ಭಾವ ಬೂಟು ಹಾಕಿ ದಾರ ಬಿಗಿದು, ಟೋಪಿ ಕಂಕುಳಲ್ಲಿಟ್ಟು, ಊಟದ ಡಬ್ಬಿ ಹಿಡಿದು ಹೊರಟರು. ಮದುವೆಗೆ ಹೊರಟವರ ಮುಖ ಅದು. ಅಕ್ಕ ಬಾಗಿಲಲ್ಲಿ ಅಡ್ಡ ನಿಂತಿದ್ದಳು.

"ಜರುಗು ಕಣೇ, ಒತ್ತಾಯ್ತು."

"ಓಗ್ಬೇಡಿ."

ಭಾವ ನಕ್ಕರು. "ಮನೆ ಓಗ್ತದಲ್ಲೇ."

"ಓಗ್ಲಿ."

"ಮೂರು ತಿಂಗ್ಳಿಂದ ಬಾಯಿ ಬಡ್ಕೊಂಡೋಳು ನೀನೇ ತಾನೇ? ನಂಗೀಗ ಭಯ ಇಲ್ಲ ಕಣೇ. ಓಯ್ತು. ಬೇಕಾದ್ರೆ ನಿನ್ನ ತಮ್ಮನ್ನ ಕೇಳು."

"ಭಯ ನಂಗದೆ," ಅಂದಳು ಅಕ್ಕ.

ಆಮೇಲೆ ತಲೆ ತಗ್ಗಿಸಿಕೊಂಡು, ಯಾರಿಗೋ ಹೇಳುವ ಹಾಗೆ ಹೇಳಿದಳು. "ಇಪ್ಪತ್ತು ವರ್ಷ ನೀವು ಕೆಳಗೆ ಓದಾಗೆಲ್ಲ ನಂಗೆ ಮನೆಗೆಲಸ ಇತ್ತು. ನೀರು ಇಡಿಯೋದು, ಇಟ್ಟು ಬೇಯ್ಸೋದು, ಮಕ್ಕಳು. ಕಾಯ್ತಾ ಇದೀನಿ ಅಂತಾನೇ ಗೊತ್ತಾಗ್ತಿರಲಿಲ್ಲ. ಅವತ್ತು ಸಮುದ್ರದ ಅತ್ರ ಮಾಡಾಕೆ ಏನೂ ಕೆಲಸ ಇರ್ಲಿಲ್ಲ."

ಕೆಲಸ ಹೋದದ್ದು, ಮನೆ ಖಾಲಿ ಮಾಡಿದ್ದು, ಭಾವ ಬಂಗಾರಪೇಟೆಯಲ್ಲಿ ಬಿದಿರೇಣಿ ಕಟ್ಟಿ ಮಾರಲು ಕೂತದ್ದು, ಆ ಕಷ್ಟ, ಅದೆಲ್ಲ ಆಮೇಲಿನ ಮಾತು. ಅವತ್ತು ಭಾವ ಅಕ್ಕನನ್ನು ಸರಿಸಿ ಹೋಗಲಿಲ್ಲ. ಎರಡನೇ ಸೈರನ್ ಕೂಗಿ ನಿಂತಿತು. ಆಗ ಊಟದ ಡಬ್ಬಿಯನ್ನು ಕೆಳಗಿಟ್ಟು, ಅಲ್ಲೇ ಒಳಗೆ ನೆಲದ ಮೇಲೆ ಕೂತು ಬೂಟಿನ ದಾರಕ್ಕೆ ಕೈ ಹಾಕಿದರು. ಬಿಗಿದ ಗಂಟು ಬಿಚ್ಚಲಿಲ್ಲ. ಅಕ್ಕ ಅವರ ಮುಂದೆ ಕೂತು, ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹಲ್ಲಿನಿಂದ ಗಂಟು ಸಡಿಲಿಸಿ ಬಿಚ್ಚಿದಳು.